ಲಾಲಪ್ಪನ ಜಾಗದಲ್ಲಿ ಪರಿಮಳಾ

ಶಹಾಪುರದ ಬಸ್ ನಿಲ್ದಾಣದ ಎದುರಿನ ಸರ್ಕಲ್‌ನಲ್ಲಿ ತನ್ನದೇ ಮುಖ ತನ್ನನ್ನು ನೋಡುತ್ತಿರುವುದನ್ನು ಕಂಡು ಪರಿಮಳಾ ನಡುರಸ್ತೆಯಲ್ಲೇ ನಿಂತುಬಿಟ್ಟಳು. ಹಿಂದಿನಿಂದ ಬಂದ ಆಟೊದವನು ಹಾರ್ನ್ ಹೊಡೆದು ಬೈದ. ಅವಳಿಗೆ ಕೇಳಿಸಲೇ ಇಲ್ಲ.

ಎರಡಾಳೆತ್ತರದ ಫ್ಲೆಕ್ಸ್. ಮೇಲೆ ಯುವ ಮುಖಂಡ ಅಮೋಘಸಿದ್ದ, ಕಪ್ಪು ಕನ್ನಡಕ ಹಾಕಿ ಕೈಕಟ್ಟಿ ನಿಂತಿದ್ದಾನೆ. ಬೆನ್ನ ಹಿಂದೆ ಒಂದು ಸಿಂಹ. ಅದರ ಕೆಳಗೆ 'ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು'. ಇನ್ನೂ ಕೆಳಗೆ, ಶುಭ ಕೋರುವ ಗೆಳೆಯರ ಬಳಗದ ಇಪ್ಪತ್ತೊಂದು ಪಾಸ್‌ಪೋರ್ಟ್ ಫೋಟೊಗಳು. ಇಪ್ಪತ್ತು ಗಂಡಸರು... ಒಂಬತ್ತನೆಯದು ಅವಳು!

ಎಣ್ಣೆ ಹಚ್ಚಿ ಬಿಗಿದ ಜಡೆ, ನೀಲಿ ಚೂಡಿದಾರ. ಪಿಡಿಒ ಪರೀಕ್ಷೆಯ ಅರ್ಜಿಗೆಂದು ಉಸಿರು ಬಿಗಿಹಿಡಿದು ತೆಗೆಸಿಕೊಂಡಿದ್ದ ಫೋಟೊ. ಅದರ ಕೆಳಗೆ ಅಚ್ಚಾಗಿದ್ದ ಹೆಸರು: ಲಾಲಪ್ಪ, ಬಳಿಚಕ್ರ.

ಯಾರು ಈ ಲಾಲಪ್ಪ? ಆ ಹೆಸರಿನ ಒಬ್ಬನನ್ನೂ ಅವಳು ಇಂದಿನವರೆಗೆ ಕಂಡವಳಲ್ಲ.

ಪಾನ್ ಅಂಗಡಿಯ ಮುಂದೆ ನಿಂತಿದ್ದ ಮೂವರು ಹುಡುಗರು ಒಮ್ಮೆ ಫ್ಲೆಕ್ಸ್ ನೋಡಿದರು, ಒಮ್ಮೆ ಅವಳನ್ನು ನೋಡಿದರು. ಒಬ್ಬ ಇನ್ನೊಬ್ಬನ ಕಡೆ ಬಾಗಿದ. ಲಾಲಪ್ಪ ತನ್ನ ಫೋಟೊದ ಬದಲು ತನ್ನ ಹುಡುಗಿಯ ಫೋಟೊ ಹಾಕಿಸಿದ್ದಾನಂತೆ, ಎಂಥ ಧೈರ್ಯ ನೋಡು ಎಂದದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಸಿಟ್ಟಿನ ವಿಷಯದಲ್ಲಿ ಪರಿಮಳಾ ಎಂದೂ ಬಡವಳಲ್ಲ. ಆದರೆ ಆ ಕ್ಷಣ ಅವಳಿಗೆ ಮೊದಲು ಬಂದದ್ದು ಭಯ.

ಅವಳ ಊರು ಶಿರವಾಳ. ದಿನಾ ಬೆಳಗಿನ ಬಸ್ಸಿಗೆ ಶಹಾಪುರಕ್ಕೆ ಬಂದು, ಗ್ರಂಥಾಲಯದಲ್ಲಿ ಸಂಜೆಯವರೆಗೆ ಕೂತು ಓದಿ, ಸಂಜೆಯ ಬಸ್ಸಿಗೆ ಮರಳುತ್ತಾಳೆ. ಈ ಒಂದು ಅನುಮತಿಗಾಗಿ ಅಣ್ಣ ದೇವಿಂದ್ರನ ಜೊತೆ ಒಂದು ವರ್ಷ ಜಗಳವಾಡಿದ್ದಳು. ಊರವರ ಬಾಯಿಗೆ ಬೀಳುವವರೆಗೆ ಹೋಗು, ಬಿದ್ದ ದಿನ ಬಸ್ಸು ಬಂದ್ ಎಂದು ಅವನು ಖಡಾಖಂಡಿತವಾಗಿ ಹೇಳಿದ್ದ. ಪರೀಕ್ಷೆಗೆ ಇನ್ನು ಮೂರೇ ವಾರ ಉಳಿದಿತ್ತು.

ಆ ಫೋಟೊ ಇದ್ದದ್ದು ಒಂದೇ ಕಡೆ. ಸರ್ಕಲ್ ಹಿಂದಿನ ಓಣಿಯ ಆನ್‌ಲೈನ್ ಸೆಂಟರ್‌ನಲ್ಲಿ. ಅರ್ಜಿ ತುಂಬುವುದೂ ಅಲ್ಲೇ, ಜೆರಾಕ್ಸೂ ಅಲ್ಲೇ, ಫ್ಲೆಕ್ಸ್ ವಿನ್ಯಾಸವೂ ಅಲ್ಲೇ.

ಅವಳು ಒಳಗೆ ನುಗ್ಗಿದಾಗ ಅಂಗಡಿಯ ಶರಣಕುಮಾರ ಕಂಪ್ಯೂಟರ್ ಮುಂದೆ ಕೆಂಪು ಕಣ್ಣು ಮಾಡಿಕೊಂಡು ಕೂತಿದ್ದ. ಜೂನ್ ಒಂದನೇ ತಾರೀಖೆಂದರೆ ಅವನಿಗೆ ವರ್ಷದ ಅತಿ ದೊಡ್ಡ ಸುಗ್ಗಿ. ಹಿಂದಿನ ಮೂರು ದಿನಗಳಲ್ಲಿ ಎಂಬತ್ತಾರು ಹುಟ್ಟುಹಬ್ಬದ ಫ್ಲೆಕ್ಸ್ ಮಾಡಿಕೊಟ್ಟಿದ್ದ.

"ಹೊರಗ ಬರ್ರಿ. ಬಂದು ನೀವು ಏನು ಮಾಡೀರಿ ನೋಡ್ರಿ."

ಅವನು ಗಾಬರಿಯಾಗಿ ಎದ್ದ. ಅವಳ ಹಿಂದೆ ಸರ್ಕಲ್‌ವರೆಗೆ ಬಂದ. ತಲೆಯೆತ್ತಿ ಒಂಬತ್ತನೆಯ ಫೋಟೊ ನೋಡಿದ. ಅವನ ಮುಖ ಸುಣ್ಣದಂತೆ ಬಿಳುಚಿತು.

"ತಪ್ಪು ನಂದರಿ," ಎಂದ. ಅಷ್ಟೇ. ಮುಂದೆ ಒಂದು ಸಬೂಬೂ ಇಲ್ಲ.

ಪರಿಮಳಾಳಿಗೆ ಅದು ಇನ್ನಷ್ಟು ಉರಿಸಿತು. ಜಗಳಕ್ಕೆಂದು ಬಂದವಳಿಗೆ ಎದುರಿನವನು ಹೀಗೆ ತಕ್ಷಣ ಒಪ್ಪಿಕೊಂಡರೆ, ಬಾಯಿಯಲ್ಲಿ ಸಿದ್ಧವಾಗಿದ್ದ ಮಾತುಗಳನ್ನೆಲ್ಲ ಎಲ್ಲಿ ಇಳಿಸಬೇಕು? ನಿನ್ನ ತಪ್ಪು ತಗೊಂಡು ನಾನೇನು ಮಾಡಲಿ, ನನ್ನ ಮನೆಯವರು ನೋಡುವುದರೊಳಗೆ ಈ ಮುಖ ಇಲ್ಲಿಂದ ಹೋಗಬೇಕು ಎಂದು ಗುಡುಗಿ, ತಿರುಗಿ ನೋಡದೆ ಗ್ರಂಥಾಲಯಕ್ಕೆ ಹೋದಳು.

ಅಲ್ಲಿ ಪುಸ್ತಕ ತೆರೆದಳೇ ಹೊರತು ಒಂದು ಸಾಲೂ ತಲೆಗೆ ಹತ್ತಲಿಲ್ಲ. ಪ್ರಚಲಿತ ವಿದ್ಯಮಾನಗಳ ನೋಟ್ಸ್ ಪುಸ್ತಕ ತೆಗೆದಳು. ಅದರಲ್ಲಿ ನಡುವೆ ಪರೀಕ್ಷೆಗೆ ಬೇಕಾದ ಸಂಗತಿಗಳು, ಅಂಚಿನಲ್ಲಿ ಅವಳ ಸ್ವಂತ ಸಿಟ್ಟು. ಅಂಚಿನ ಬರಹ ಯಾರೂ ಓದುವುದಿಲ್ಲವೆಂಬ ಧೈರ್ಯದಿಂದ ಅವಳು ದಿನಾ ಅಲ್ಲಿ ಜಗತ್ತನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು.

'ಎರಡೂ ದೇಶದವರು ಶಾಂತಿ ಬೇಕು ಅನ್ನುತ್ತಾರೆ. ಹಾಗಾದರೆ ಬಾಂಬು ಹಾಕುತ್ತಿರುವವರು ಯಾರು?' ಎಂದು ಒಂದು ಪುಟದಲ್ಲಿತ್ತು. 'ಹುಟ್ಟುಹಬ್ಬದ ಕೇಕನ್ನು ತಲವಾರಿನಿಂದ ಕತ್ತರಿಸಿ ಮುಖಕ್ಕೆ ಬಳಿದುಕೊಳ್ಳುತ್ತಾರೆ. ಶಾಲೆಯ ಮಕ್ಕಳ ತಟ್ಟೆಗೆ ಒಂದು ಮೊಟ್ಟೆ ಹಾಕಬೇಕೆಂದರೆ ಮಾತ್ರ ಇವರಿಗೆ ಸಂಸ್ಕೃತಿ ನೆನಪಾಗುತ್ತದೆ' ಎಂದು ಇನ್ನೊಂದರಲ್ಲಿ.

ಇಂದಿನ ಪುಟದ ಅಂಚಿನಲ್ಲಿ ಅವಳು ಬರೆದಳು: 'ಇವತ್ತು ಈ ಓದುವ ಕೋಣೆಯಲ್ಲಿ ಹನ್ನೊಂದು ಜನರ ಹುಟ್ಟುಹಬ್ಬ. ನಾನೂ ಒಬ್ಬಳು. ನಾವ್ಯಾರೂ ಇವತ್ತು ಹುಟ್ಟಿದವರಲ್ಲ.'

ಅದು ಸುಳ್ಳಲ್ಲ. ಈ ಸೀಮೆಯಲ್ಲಿ ಯಾರನ್ನಾದರೂ ಜನ್ಮದಿನಾಂಕ ಕೇಳಿ, ಅರ್ಧಕ್ಕರ್ಧ ಜನ ಜೂನ್ ಒಂದು ಎನ್ನುತ್ತಾರೆ. ಶಾಲೆಗೆ ಸೇರಿಸುವಾಗ ತಂದೆತಾಯಿಗೆ ತಾರೀಖು ಗೊತ್ತಿರುವುದಿಲ್ಲ, ಗೊತ್ತಿದ್ದರೂ ಕೇಳುವ ತಾಳ್ಮೆ ಮಾಸ್ತರರಿಗೆ ಇರುವುದಿಲ್ಲ. ಶಾಲೆ ಶುರುವಾಗುವ ದಿನವನ್ನೇ ಮಗು ಹುಟ್ಟಿದ ದಿನವೆಂದು ಬರೆದು ಮುಂದಿನ ಮಗುವನ್ನು ಕರೆಯುತ್ತಾರೆ. ಮುಖಂಡ ಅಮೋಘಸಿದ್ದನೂ ಹಾಗೆ ಹುಟ್ಟಿದವನೇ.

ಮಧ್ಯಾಹ್ನ ಗ್ರಂಥಾಲಯದೊಳಗೆ ಗುಸುಗುಸು ಎದ್ದಿತು. ಒಬ್ಬ ಹುಡುಗಿ ಮೊಬೈಲ್ ತಂದು ಪರಿಮಳಾಳ ಮುಂದೆ ಹಿಡಿದಳು.

ವಿಡಿಯೊದಲ್ಲಿ ಶರಣಕುಮಾರ ಏಣಿ ಹತ್ತಿ ನಿಂತಿದ್ದ. ಕೈಯಲ್ಲಿ ಬ್ಲೇಡು. ಫ್ಲೆಕ್ಸ್‌ನಿಂದ ಅವಳ ಫೋಟೊ ಇದ್ದ ಚೌಕವನ್ನು ಮಾತ್ರ ಕತ್ತರಿಸಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಕೆಳಗೆ ಇಳಿಯುವಷ್ಟರಲ್ಲಿ ಅಮೋಘಸಿದ್ದನ ಹುಡುಗರು ಸುತ್ತುವರಿದು ಅವನ ಕೊರಳಪಟ್ಟಿ ಹಿಡಿದಿದ್ದರು. ವಿಡಿಯೊ ಅಲ್ಲಿಗೆ ನಿಂತಿತ್ತು.

ಈಗ ಸರ್ಕಲ್‌ನಲ್ಲಿ ಇಪ್ಪತ್ತು ಮುಖಗಳು ಮತ್ತು ಒಂದು ತೂತು.

ಬೆಳಿಗ್ಗೆ ಅದನ್ನು ಗಮನಿಸಿದವರು ಹತ್ತು ಮಂದಿ ಇದ್ದಿರಬಹುದು. ತೂತು ಬಿದ್ದ ಮೇಲೆ ಇಡೀ ಶಹಾಪುರಕ್ಕೆ ಅದೇ ಮಾತಾಯಿತು. ತೂತಿನಲ್ಲಿದ್ದ ಹುಡುಗಿ ಯಾರು ಎಂದು ಜನ ಬೆಳಗಿನ ಫ್ಲೆಕ್ಸ್‌ನ ಫೋಟೊ ಹುಡುಕಿ, ದೊಡ್ಡದು ಮಾಡಿ, ಒಬ್ಬರಿಗೊಬ್ಬರು ಕಳಿಸಿದರು. ಲಾಲಪ್ಪನ ಹುಡುಗಿಯಂತೆ, ಕತ್ತರಿಸಿದವನೂ ಅವಳ ಹಿಂದೆ ಬಿದ್ದವನಂತೆ, ಇಬ್ಬರ ನಡುವೆ ಹೊಡೆದಾಟವಂತೆ... ಅರ್ಧ ದಿನದಲ್ಲಿ ಪರಿಮಳಾಳಿಗೆ ಗೊತ್ತೇ ಇಲ್ಲದಂತೆ ಇಬ್ಬರು ಪ್ರೇಮಿಗಳು ಹುಟ್ಟಿಕೊಂಡಿದ್ದರು.

ಅವಳು ಮತ್ತೆ ಅಂಗಡಿಗೆ ಹೋದಳು. ಈ ಸಲ ಹೆಜ್ಜೆ ಇಟ್ಟದ್ದೇ ನೆಲ ಅದುರುವಂತಿತ್ತು.

ಶರಣಕುಮಾರ ತುಟಿಗೆ ಒದ್ದೆ ಕರವಸ್ತ್ರ ಒತ್ತಿಕೊಂಡು ಕೂತಿದ್ದ. ತುಟಿ ಊದಿತ್ತು. ಅದನ್ನು ಕಂಡು ಒಂದು ಗಳಿಗೆ ಅವಳ ಮನಸ್ಸು ಅಳುಕಿತು. ಆದರೆ ಬಿಟ್ಟಳೇ?

ಇಡೀ ಫ್ಲೆಕ್ಸ್ ಇಳಿಸಲು ಆಗುತ್ತಿರಲಿಲ್ಲವೇ, ತೂತು ಮಾಡಿ ಊರಿಗೆಲ್ಲ ತೋರಿಸುವ ಬುದ್ಧಿ ಯಾರು ಕೊಟ್ಟರು ಎಂದು ಕೇಳಿದಳು. ಇಡೀ ಫ್ಲೆಕ್ಸ್ ಇಳಿಸಲು ಅಮೋಘಸಿದ್ದನ ಹುಡುಗರು ಬಿಡಲಿಲ್ಲ, ನಿಮ್ಮ ಮುಖವಾದರೂ ಉಳಿಯಲಿ ಎಂದು ಹಾಗೆ ಮಾಡಿದೆ ಎಂದು ಅವನು ತೊದಲಿದ. ಎದ್ದು ನೀರು ಕೊಡಲು ಹೋದವನ ಮೊಣಕೈ ತಾಗಿ ಮೇಜಿನ ಮೇಲಿದ್ದ ಫೈಲು ಕೆಳಗೆ ಬಿತ್ತು. ಹಾಳೆಗಳು ನೆಲದ ತುಂಬ ಹರಡಿದವು.

ಅವಳ ಕೈಬರಹ!

ಗ್ರಂಥಾಲಯದ ಗೆಳತಿಯರಿಗೆಂದು ಅವಳು ಪ್ರತಿ ವಾರ ತನ್ನ ನೋಟ್ಸ್ ಇಲ್ಲೇ ಜೆರಾಕ್ಸ್ ಮಾಡಿಸುತ್ತಿದ್ದಳು. ಮಸಿ ಹೆಚ್ಚಾಗಿ, ಓರೆಯಾಗಿ ಕೆಟ್ಟುಹೋದ ಪ್ರತಿಗಳನ್ನು ಅವನು ಎಸೆದಿರಲಿಲ್ಲ. ತಿಂಗಳವಾರು ಜೋಡಿಸಿ ಇಟ್ಟಿದ್ದ. ಅಂಚಿನ ಕೆಲವು ಸಾಲುಗಳ ಕೆಳಗೆ ಪೆನ್ಸಿಲ್ ಗೆರೆಯೂ ಇತ್ತು.

ಪರಿಮಳಾ ಒಂದು ಹಾಳೆ ಎತ್ತಿ ಆ ಗೆರೆಗಳನ್ನೇ ನೋಡಿದಳು. ಅಂದರೆ ಇವನು ತಿಂಗಳುಗಟ್ಟಲೆ ನನ್ನನ್ನು ಓದುತ್ತಿದ್ದಾನೆ. ನನ್ನ ಫೋಟೊ ಇವನ ಕಂಪ್ಯೂಟರಿನಲ್ಲಿದೆ. ಅದು ತಾನಾಗಿಯೇ ಫ್ಲೆಕ್ಸ್ ಮೇಲೆ ಹೋಗಿ ಕೂತಿತೇ? ಬೇಕೆಂದೇ ಮಾಡಿದ್ದಾನೆ...

"ತಪ್ಪು ಅಲ್ಲ ಇದು. ಆಟ. ನನ್ನ ಜೀವನದ ಜೋಡಿ ಆಡೀರಿ ನೀವು."

"ಪರಿಮಳಾ ಅವ್ರೆ, ಒಂದ್ ಮಾತು ಕೇಳ್ರಿ..."

"ನನ್ನ ಕಣ್ಣಿಗೆ ಬೀಳಬ್ಯಾಡ್ರಿ ಇನ್ನ."

ಹಾಳೆಗಳನ್ನೆಲ್ಲ ಬಾಚಿಕೊಂಡು, ಅವನ ಎದುರೇ ಹರಿದು, ಹೊಸ್ತಿಲಲ್ಲಿ ಚೆಲ್ಲಿ ಹೋದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು ಅತ್ತಳು. ಅತ್ತದ್ದಕ್ಕೂ ಅವಳಿಗೆ ಸಿಟ್ಟೇ ಬಂತು.

ಮನೆ ತಲುಪುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲು ತಲುಪಿತ್ತು. ಕಡೇಚೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ದೇವಿಂದ್ರ ರಜೆ ಹಾಕಿ ಬಂದು ಅಂಗಳದಲ್ಲಿ ಕೂತಿದ್ದ. ಅವನ ಪಾಳಿಯ ಹುಡುಗರೇ ಅವನಿಗೆ ಫೋಟೊ ತೋರಿಸಿ, ಇದು ನಿನ್ನ ತಂಗಿಯಲ್ಲವೇ ಎಂದು ಕೇಳಿದ್ದರಂತೆ.

ಅವಳು ನಡೆದದ್ದನ್ನು ನಡೆದಂತೆ ಹೇಳಿದಳು. ಅವನು ನಂಬಲಿಲ್ಲ ಎನ್ನುವುದಕ್ಕಿಂತ, ನಂಬಿದರೂ ಪ್ರಯೋಜನವಿಲ್ಲವೆಂದ. ನೀನು ಒಳ್ಳೆಯವಳೆಂದು ನಾನು ಎಷ್ಟು ಮಂದಿಗೆ ಹೇಳಿಕೊಂಡು ತಿರುಗಲಿ ಎಂದು ಕೇಳಿದ. ನಾಳೆಯಿಂದ ಬಸ್ಸಿಲ್ಲ, ಪರೀಕ್ಷೆಯೂ ಇಲ್ಲ, ಸುರಪುರದ ಕಡೆಯ ಒಂದು ಸಂಬಂಧ ಬಂದಿದೆ, ಮಾತಾಡುತ್ತೇನೆ ಎಂದುಬಿಟ್ಟ.

"ನಾ ಏನು ಮಾಡೀನಿ ಅಂತ ಶಿಕ್ಷೆ, ಅಣ್ಣ?"

ದೇವಿಂದ್ರ ಅಂಗಳದಿಂದ ಎದ್ದು ಹೋದ. ಅವ್ವ ಕರೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಮುಂದೆ ಕೂತಳು. ಅಪ್ಪ ತಿಮ್ಮಣ್ಣ ಊರ ಶಾಲೆಯಲ್ಲಿ ಜವಾನ. ಮೂವತ್ತು ವರ್ಷ ಗಂಟೆ ಬಾರಿಸಿದ ಆ ಮನುಷ್ಯನಿಗೆ ಸ್ವಂತ ಮನೆಯಲ್ಲಿ ಗಟ್ಟಿ ದನಿ ತೆಗೆದು ಗೊತ್ತಿರಲಿಲ್ಲ. ಗೋಡೆಯ ಮೇಲಿನ ಬುದ್ಧ ಮತ್ತು ಬಾಬಾಸಾಹೇಬರ ಫೋಟೊಗಳನ್ನು ನೋಡುತ್ತ ಸುಮ್ಮನೆ ಕೂತಿದ್ದ.

ಈ ಮನೆಯಲ್ಲಿ ಯಾರ ಹುಟ್ಟುಹಬ್ಬವನ್ನೂ ಆಚರಿಸಿದ್ದಿಲ್ಲ. ಏಪ್ರಿಲ್ ಹದಿನಾಲ್ಕು ಒಂದೇ. ಅಂದು ಹೊಸ ಬಟ್ಟೆ, ಸಿಹಿಯೂಟ, ನೀಲಿ ಧ್ವಜ. ಅವರೊಬ್ಬರು ಹುಟ್ಟಿದ್ದಕ್ಕೇ ನಾವೆಲ್ಲ ಮನುಷ್ಯರಾಗಿ ಹುಟ್ಟಿದ್ದು ಎಂದು ಅಪ್ಪ ಅವಳಿಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದ. ಅದನ್ನೇ ಹೇಳಿಕೊಟ್ಟ ಅಪ್ಪ ಈಗ ಸುಮ್ಮನಿರುವುದನ್ನು ಕಂಡು ಅವಳಿಗೆ ಅವನ ಮೇಲೂ ಸಿಟ್ಟು ಬಂತು.

ಎರಡು ದಿನ ಬೆಳಗಿನ ಬಸ್ಸು ಅವಳಿಲ್ಲದೆ ಹೋಯಿತು. ಅದರ ಹಾರ್ನ್ ಕೇಳಿದಾಗಲೆಲ್ಲ ಅವಳು ಕೈಯಲ್ಲಿದ್ದ ಪಾತ್ರೆಯನ್ನು ನೆಲಕ್ಕೆ ಕುಕ್ಕುತ್ತಿದ್ದಳು. ನೋಟ್ಸಿನ ಅಂಚಿನಲ್ಲಿ ಒಂದೇ ಸಾಲು ಬರೆದಿದ್ದಳು: 'ಯುದ್ಧ ಹೂಡಿದವರು, ತಾರೀಖು ಸುಳ್ಳು ಬರೆದವರು, ಫೋಟೊ ಕದ್ದವರು... ಇವರಲ್ಲಿ ಒಬ್ಬನಾದರೂ ಬಂದು ನಾಲ್ಕು ಜನರ ಎದುರಿಗೆ ನಿಂತು, ಇದು ನನ್ನಿಂದ ಆಯಿತು ಎಂದದ್ದುಂಟೇ?'

ಮೂರನೆಯ ದಿನ ಮುಂಜಾನೆ ಅಂಗಳದ ಮುಂದೆ ಬೈಕು ನಿಂತಿತು. ಶರಣಕುಮಾರ ಇಳಿದ. ತುಟಿಯ ಗಾಯ ಕಪ್ಪುಗಟ್ಟಿತ್ತು. ಬಗಲಲ್ಲಿ ಒಂದು ಸುರುಳಿ.

ಪರಿಮಳಾ ಬಾಗಿಲಲ್ಲೇ ಬೆವರಿದಳು. ಅಯ್ಯೋ ಇವನ ತಲೆ ಕೆಟ್ಟಿದೆಯೇ! ಇದ್ದ ಗಾಳಿಸುದ್ದಿ ಸಾಲದೆಂದು ಮನೆಗೇ ಬಂದನಲ್ಲ!

ದೇವಿಂದ್ರ ಎದ್ದು ನಿಂತ. ಯಾರು ನೀನು ಎಂದು ಕೇಳುವ ಮೊದಲೇ ಶರಣಕುಮಾರ ಚಪ್ಪಲಿ ಬಿಟ್ಟು, ತಿಮ್ಮಣ್ಣನಿಗೆ ಜೈಭೀಮ್ ಹೇಳಿ, ಗೋಡೆಯ ಫೋಟೊಗಳಿಗೆ ಕೈಮುಗಿದ. ತನ್ನ ಹೆಸರು ಶರಣಕುಮಾರನೆಂದೂ, ಆ ಫ್ಲೆಕ್ಸ್ ಮಾಡಿದ ಕೈ ತನ್ನದೇ ಎಂದೂ ಹೇಳಿದ.

ದೇವಿಂದ್ರನ ಕೈ ಮೇಲೆದ್ದಿತು. "ಹೊಡೀರಿ ಅಣ್ಣಾರ," ಎಂದ ಶರಣಕುಮಾರ. "ಹೊಡದ ಮ್ಯಾಲೆ ಇದೊಂದು ನೋಡ್ರಿ."

ಅವನು ಸುರುಳಿ ಬಿಚ್ಚಿ ನೆಲದ ಮೇಲೆ ಹಾಸಿದ. ಸಣ್ಣ ಸಣ್ಣ ಫೋಟೊಗಳು, ಸಾಲುಸಾಲಾಗಿ. ಒಟ್ಟು ಇನ್ನೂರ ಹದಿನೆಂಟು ಮುಖಗಳು. ಪ್ರತಿಯೊಂದರ ಕೆಳಗೂ ಜೂನ್ ಒಂದು. ವರ್ಷ ಮಾತ್ರ ಬೇರೆ ಬೇರೆ.

ಅರ್ಜಿ ತುಂಬಲು ಬರುವವರ ಫೋಟೊಗಳನ್ನು ಅವನು ಹೆಸರಿನಿಂದ ಇಡುತ್ತಿರಲಿಲ್ಲವಂತೆ. ಒಂದೇ ಹೆಸರಿನವರು ಬಹಳ, ಅದಕ್ಕೆ ಜನ್ಮದಿನಾಂಕ ಹಾಕಿ ಇಡುತ್ತಿದ್ದ. ಎಂಬತ್ತಾರು ಫ್ಲೆಕ್ಸ್‌ಗಳ ಅವಸರದಲ್ಲಿ ಲಾಲಪ್ಪನ ತಾರೀಖು ಒತ್ತಿದ. ಎರಡು ಸಾವಿರದ ಇಸವಿ, ಜೂನ್ ಒಂದು. ಅದೇ ತಾರೀಖಿನ ಹನ್ನೆರಡು ಜನರಲ್ಲಿ ಮೊದಲು ಬಂದದ್ದು ಪರಿಮಳಾಳ ಮುಖ. ಪರದೆಯ ಮೇಲೆ ಉಗುರಿನಷ್ಟು ಸಣ್ಣದಾಗಿದ್ದ ಅದನ್ನು ಅವನು ದೊಡ್ಡದು ಮಾಡಿ ನೋಡಲಿಲ್ಲ.

ಹಾಳೆಯ ಮೇಲೆ ಬಾಗಿದ್ದ ದೇವಿಂದ್ರ ಒಂದು ಕಡೆ ಬೆರಳಿಟ್ಟು ನಿಂತ. ಅಲ್ಲಿ ಅವನದೇ ಫೋಟೊ ಇತ್ತು. ಕಾರ್ಖಾನೆಯ ಕೆಲಸಕ್ಕೆ ಅರ್ಜಿ ಹಾಕಿದ್ದೂ ಅದೇ ಅಂಗಡಿಯಿಂದ. ಅವನೂ ಜೂನ್ ಒಂದರವನೇ.

ಉಳಿದದ್ದನ್ನೂ ಶರಣಕುಮಾರ ತಲೆತಗ್ಗಿಸಿಯೇ ಹೇಳಿದ. ಬಳಿಚಕ್ರಕ್ಕೆ ಹೋಗಿ ಲಾಲಪ್ಪನನ್ನು ಹುಡುಕಿದ್ದ. ಆ ಭೂಪ ಊರವರು ಕಟ್ಟಿದ ಕಥೆಯಿಂದ ಖುಷಿಯಾಗಿ ತಿರುಗುತ್ತಿದ್ದನಂತೆ. ಅರ್ಧ ದಿನ ಅವನ ಬಾಗಿಲಲ್ಲಿ ಕೂತು, ಆ ಹುಡುಗಿ ಯಾರೆಂದು ನನಗೆ ಗೊತ್ತಿಲ್ಲ ಎಂದು ಅವನ ಬಾಯಿಂದಲೇ ಹೇಳಿಸಿ, ಅದನ್ನು ವಿಡಿಯೊ ಮಾಡಿ, ಮೊದಲಿನ ವಿಡಿಯೊ ಹೋದಲ್ಲೆಲ್ಲ ಕಳಿಸಿದ್ದ. ಸರ್ಕಲ್‌ನಲ್ಲಿ ಹೊಸ ಫ್ಲೆಕ್ಸ್ ಕಟ್ಟಿಸಿದ್ದ. ಅದರ ಅಡಿಯಲ್ಲಿ ಎರಡು ಸಾಲು: ಹಿಂದಿನ ಮುದ್ರಣದಲ್ಲಿ ಆದ ತಪ್ಪಿಗೆ ನಾನೊಬ್ಬನೇ ಹೊಣೆ, ಶರಣಕುಮಾರ.

ದೇವಿಂದ್ರನ ದನಿ ಸ್ವಲ್ಪ ಇಳಿದಿತ್ತು. ಆದರೂ ಕೇಳಬೇಕಾದದ್ದನ್ನು ಕೇಳಿದ.

"ಮಂದಿ ಮನಿ ಹುಡುಗಿ ಸಲುವಾಗಿ ಇಷ್ಟ್ಯಾಕ ಓಡಾಡಾಕತ್ತಿ?"

ಶರಣಕುಮಾರ ಬಾಯಿ ತೆರೆದ. ಹಾಗೇ ಮುಚ್ಚಿಕೊಂಡ. ಅವನ ಕಿವಿ ಕೆಂಪಾದದ್ದನ್ನು ಪರಿಮಳಾ ಕಂಡಳು. ಏನು ಹೇಳಿಬಿಡುತ್ತಾನೋ ಎಂದು ಅವಳು ಹೊಸ್ತಿಲು ದಾಟಿ ಅಂಗಳಕ್ಕೆ ಬಂದಳು.

ಅವನಿಗಿಂತ ಮೊದಲು ಅವಳೇ ಮಾತಾಡಿದಳು.

"ತಪ್ಪು ಮಾಡಿದಂವ ಮನಿ ತನಕ ಬಂದು ತಪ್ಪು ನಂದು ಅಂತ ನಿಂತಾನ, ಅಣ್ಣ. ಏನೂ ಮಾಡದೇ ಇರೋ ನಾ ಒಳಗ ಕುಂತೀನಿ. ಇದ್ಯಾವ ನ್ಯಾಯ?"

ಆಗ ತಿಮ್ಮಣ್ಣ ಕೆಮ್ಮಿದ. ಮಾತಿಗೆ ಮುಂಚೆ ಕೆಮ್ಮುವುದು ಅವನ ರೂಢಿ.

"ಮೊದಲನೇ ತಪ್ಪು ನಂದು," ಎಂದ.

ಎಲ್ಲರೂ ಅವನತ್ತ ತಿರುಗಿದರು.

"ಹೆಡ್ ಮಾಸ್ತರ್ ಕೇಳಿದ್ರು, ತಿಮ್ಮಣ್ಣ, ಮಗಳು ಯಾವಾಗ ಹುಟ್ಟ್ಯಾಳ ಅಂತ. ನನಗ ಗೊತ್ತಿತ್ತು. ಎಲ್ಲಾರಿಗೂ ಜೂನ್ ಒಂದು ಬರ್ಯಾಕತ್ತಿದ್ರು. ನನ್ನ ಮಗಳಿಗೆ ಬ್ಯಾರೆ ತಾರೀಖು ಹಾಕ್ರಿ ಅಂದ್ರ, ಜವಾನಗ ಎಷ್ಟು ಸೊಕ್ಕು ಅಂತಾರೇನೋ ಅಂತ ಅಂಜಿದೆ. ನೀವು ಬರದಂಗ ಬರೀರಿ ಸಾಹೇಬ್ರ ಅಂದೆ."

ಪರಿಮಳಾ ಅಪ್ಪನನ್ನೇ ನೋಡಿದಳು. ಇಪ್ಪತ್ತು ವರ್ಷ ಅಪ್ಪ ಇದನ್ನು ಎದೆಯಲ್ಲಿ ಇಟ್ಟುಕೊಂಡಿದ್ದನೇ?

ಒಲೆಯ ಕಡೆಯಿಂದ ಕರೆಮ್ಮ ಎದ್ದು ಬಂದಳು. ಗುಜರಾತಿನಲ್ಲಿ ಭೂಮಿ ನಡುಗಿದ್ದು ಬಾವುಟ ಹಾರಿಸುವ ದಿನ. ಇಲ್ಲೂ ನಡುಗುತ್ತದಂತೆ ಎಂದು ಊರೆಲ್ಲ ಚಳಿಯಲ್ಲಿ ಬಯಲಿನಲ್ಲಿ ಮಲಗಿತ್ತಂತೆ. ಅದಾಗಿ ಮೂರನೆಯ ದಿನ ಅವಳಿಗೆ ನೋವು ಬಂತು. ಸೋಮವಾರ. ಸೋಮವಾರ ಈ ಕಡೆ ಯಾರೂ ಎತ್ತು ಹೂಡುವುದಿಲ್ಲ. ದವಾಖಾನೆಗೆ ಹೋಗಲು ಒಂದು ಬಂಡಿಯೂ ಸಿಗಲಿಲ್ಲ.

"ಬಯಲಾಗ, ಬೇವಿನ ಗಿಡದ ಕೆಳಗ ಹಡದೆ ಇಕಿನ್ನ," ಎಂದಳು ಕರೆಮ್ಮ. "ಹುಟ್ಟಿದ ಗಳಿಗಿಯಿಂದ ಸಿಟ್ಟು. ಊರು ಎದ್ದು ಕುಂಡ್ರುವಂಗ ಒದರ್ಯಾಳ."

ಎರಡು ಸಾವಿರದ ಒಂದು, ಜನವರಿ ಇಪ್ಪತ್ತೊಂಬತ್ತು. ಲೆಕ್ಕ ಹಾಕಲು ಪರಿಮಳಾಳಿಗೆ ಕ್ಷಣವೂ ಬೇಕಾಗಲಿಲ್ಲ. ಆ ಭೂಕಂಪದ ತಾರೀಖನ್ನು ಪರೀಕ್ಷೆಗೆಂದು ಅವಳು ಮೂರು ಸಲ ಬರೆದು ಉರುಹೊಡೆದಿದ್ದಳು. ಜಗತ್ತಿನ ಎಲ್ಲ ತಾರೀಖು ಗೊತ್ತಿದ್ದ ಹುಡುಗಿಗೆ ತನ್ನದು ಇಂದು ಸಿಕ್ಕಿತು.

ತಿಮ್ಮಣ್ಣ ಎದ್ದು ನಿಂತ. ಮಗನ ಕಡೆ ನೋಡಿ, ಒಂದು ಸಲ ಅಂಜಿ ಮಗಳ ತಾರೀಖು ಕಳೆದೆ, ಈಗ ಅಂಜಿ ಅವಳ ಪರೀಕ್ಷೆ ಕಳೆಯುವುದಿಲ್ಲ ಎಂದ. ನಾಳೆಯಿಂದ ಬಸ್ಸಿನವರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಯಾರು ಏನು ಕೇಳಿದರೂ ನನ್ನನ್ನೇ ಕೇಳಲಿ ಎಂದ. ದೇವಿಂದ್ರ ಏನೋ ಹೇಳಹೋಗಿ, ಅಪ್ಪನ ಮುಖ ನೋಡಿ ಸುಮ್ಮನಾದ. ಸುರಪುರದ ಸಂಬಂಧದ ಮಾತು ಆಮೇಲೆ ಎತ್ತಲಿಲ್ಲ.

ಬೈಕು ಹತ್ತುತ್ತಿದ್ದ ಶರಣಕುಮಾರನ ಹತ್ತಿರ ಪರಿಮಳಾ ಬೇಗ ಬೇಗ ಹೋದಳು. ಥ್ಯಾಂಕ್ಸ್ ಹೇಳುತ್ತಾಳೆ ಎಂದುಕೊಂಡಿರಾ? ಇಲ್ಲ.

"ನನ್ನ ನೋಟ್ಸ್ ಯಾಕ ಇಟ್ಕೊಂಡಿದ್ರಿ?"

ಅವನು ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತ. ಆ ಅಂಗಡಿಗೆ ಬರುವ ಕಾಗದದಲ್ಲೆಲ್ಲ ಬರೀ ಅರ್ಜಿ, ಬರೀ ಶುಭಾಶಯ ಇರುತ್ತದೆ, ಸಿಟ್ಟಿನಿಂದ ನಿಜ ಬರೆದದ್ದು ನಿಮ್ಮದೊಂದೇ, ಎಸೆಯಲು ಮನಸ್ಸಾಗಲಿಲ್ಲ ಎಂದ. ಕೇಳದೆ ಓದಿದ್ದೂ ತಪ್ಪೇ ಎಂದು ತಾನೇ ಸೇರಿಸಿದ.

ಎದೆಯೊಳಗೆ ಏನೋ ಮೆತ್ತಗಾಗುತ್ತಿತ್ತು, ಅದು ಅವಳಿಗೆ ಬೇಡವಾಗಿತ್ತು. ಪರೀಕ್ಷೆ ಮುಗಿಯುವವರೆಗೆ ನನ್ನ ಎದುರಿಗೆ ಬರಬೇಡಿ, ಫೋನೂ ಬೇಡ ಎಂದು ಗಡಸಾಗಿ ಹೇಳಿ ಒಳಗೆ ಹೋದಳು.

ಆ ಮಹಾನುಭಾವ ಅದನ್ನು ಅಕ್ಷರಶಃ ಪಾಲಿಸಿದ!

ಒಂದು ದಿನ, ಎರಡು ದಿನ, ಒಂದು ವಾರ... ಅವಳು ಸರ್ಕಲ್ ದಾಟುವಾಗ ಓಣಿಯ ಕಡೆ ಕಣ್ಣು ತಾನಾಗಿ ಹೋಗುತ್ತಿತ್ತು. ಒಮ್ಮೆ ಅವನೇ ಎದುರಿನಿಂದ ಬರುತ್ತಿದ್ದವನು ಅವಳನ್ನು ಕಂಡು, ಬಟ್ಟೆ ಅಂಗಡಿಯೊಂದಕ್ಕೆ ನುಗ್ಗಿ ಬೊಂಬೆಗಳ ಹಿಂದೆ ನಿಂತುಕೊಂಡ. ಅಂದು ಅವಳಿಗೆ ಬಂದಷ್ಟು ಸಿಟ್ಟು ಫ್ಲೆಕ್ಸ್ ಕಂಡ ದಿನವೂ ಬಂದಿರಲಿಲ್ಲ.

ಯಾಕೆ ಇಷ್ಟು ಸಿಟ್ಟು? ತಾನೇ ಬರಬೇಡ ಎಂದವಳಲ್ಲವೇ?

ಓದುವ ಕೋಣೆಯಲ್ಲಿ ಅವಳು ಆ ಪ್ರಶ್ನೆಯನ್ನು ಬಹಳ ಹೊತ್ತು ಎದುರಿಗಿಟ್ಟುಕೊಂಡು ಕೂತಳು. ಯುದ್ಧದ ಮೇಲೆ, ಸುಳ್ಳು ತಾರೀಖಿನ ಮೇಲೆ, ತಲವಾರಿನ ಕೇಕಿನ ಮೇಲೆ ಅವಳು ವರ್ಷಗಳಿಂದ ಸಿಡುಕಿದ್ದಳು. ಯಾರೂ ತಿರುಗಿ ನೋಡಿರಲಿಲ್ಲ. ಅವಳ ಸಿಟ್ಟಿಗೆ ಹೌದು ಎಂದವನು ಅವನೊಬ್ಬ. ಅವನು ಬಂದು ನಿಂತದ್ದಕ್ಕೇ ಅಪ್ಪನಿಗೂ ಬಾಯಿ ಬಂತು. ಅವನನ್ನು ನೆನೆದರೆ ಈಗ ಸಿಟ್ಟಿನ ಜೊತೆ ಇನ್ನೊಂದು ಬರುತ್ತಿತ್ತು. ಅದರ ಹೆಸರು ಅವಳಿಗೆ ಗೊತ್ತಿತ್ತು. ಪ್ರೀತಿ. ಪುಸ್ತಕ ಪಟ್ಟನೆ ಮುಚ್ಚಿ, ಇದನ್ನು ಪರೀಕ್ಷೆ ಆದ ಮೇಲೆ ನೋಡಿಕೊಳ್ಳುತ್ತೇನೆ ಎಂದು ತನ್ನನ್ನೇ ಗದರಿಸಿಕೊಂಡಳು.

ಪರೀಕ್ಷೆ ಯಾದಗಿರಿಯಲ್ಲಿ. ತಿಮ್ಮಣ್ಣ ಒಗೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜೊತೆಗೆ ಬಂದ. ಕೇಂದ್ರದ ಗೇಟಿನ ಹೊರಗೆ, ಬಿಸಿಲಿನಲ್ಲಿ, ಮಗಳು ಹೊರಬರುವವರೆಗೆ ಕದಲಲಿಲ್ಲ. ಅವಳು ನಗುತ್ತ ಬಂದಳು. ಪ್ರಶ್ನೆಗಳು ಅವಳಿಗೆ ಗೊತ್ತಿದ್ದವು. ಇಬ್ಬರೂ ಬಸ್ಸಿನಲ್ಲಿ ಶೇಂಗಾ ತಿನ್ನುತ್ತ ಶಹಾಪುರಕ್ಕೆ ಬಂದು ಇಳಿದರು. ಶಿರವಾಳದ ಬಸ್ಸಿಗೆ ಇನ್ನೂ ಸಮಯವಿತ್ತು.

ಅಪ್ಪ, ಜೆರಾಕ್ಸ್ ಅಂಗಡಿಗೆ ಹೋಗಿ ಬರುತ್ತೇನೆ ಎಂದಳು ಪರಿಮಳಾ. ಭಾನುವಾರ ಸಂಜೆ ಏನು ಜೆರಾಕ್ಸ್ ಎಂದು ಯಾವ ತಂದೆಯಾದರೂ ಕೇಳಬಹುದಿತ್ತು. ತಿಮ್ಮಣ್ಣ ಕೆಮ್ಮಿದ.

"ಹೋಗಿ ಬಾ. ನಾ ಎರಡು ಚಾ ಕುಡಿಯೋತನ ಇಲ್ಲೇ ಕುಂತಿರ್ತೀನಿ."

ಶರಣಕುಮಾರ ಅಂಗಡಿಯ ಬಾಗಿಲು ಎಳೆಯುತ್ತಿದ್ದ. ಅವಳನ್ನು ಕಂಡು ಅಭ್ಯಾಸಬಲದಿಂದ ಪಕ್ಕಕ್ಕೆ ಸರಿಯಲು ಹೋದ. ಸರಿಯಲು ಜಾಗವಿರಲಿಲ್ಲ.

"ಓಡ್ರಿ ನೋಡೂನು," ಎಂದಳು ಪರಿಮಳಾ.

"ಪರೀಕ್ಷಾ ಹೆಂಗಾತ್ರಿ?"

"ಚಲೋ ಆತು. ಸಿಟ್ಟು ಮಾತ್ರ ಇಳಿದಿಲ್ಲ."

"ಈಗ ಏನು ತಪ್ಪು ಮಾಡೀನ್ರಿ?"

"ಬರಬ್ಯಾಡ ಅಂದ್ರ ಬರೋದೇ ಇಲ್ಲೇನು? ಮೂರು ವಾರ!" ಅವಳ ಕಣ್ಣು ತುಂಬಿಕೊಂಡಿತು. ತುಂಬಿದ್ದಕ್ಕೆ ಮತ್ತೆ ಸಿಟ್ಟು ಬಂತು. "ಬೊಂಬಿ ಹಿಂದ ಹೋಗಿ ನಿಂತ್ರಿ. ನಾ ಅಲ್ಲೇ ನಿಮ್ಮನ್ನ ನೋಡಾಕತ್ತಿದ್ದೆ."

ಅವನು ಬಾಗಿಲು ಬಿಟ್ಟು ಅವಳ ಎದುರಿಗೆ ಬಂದು ನಿಂತ. ಅಂದು ಅವಳ ಮನೆಯ ಅಂಗಳದ ನಡುವೆ ನಿಂತಂತೆಯೇ, ನೆಟ್ಟಗೆ.

"ನಿಮ್ಮಣ್ಣ ಅವತ್ತು ಕೇಳಿದ್ರಲ್ಲ, ಇಷ್ಟ್ಯಾಕ ಓಡಾಡಾಕತ್ತಿ ಅಂತ. ಆವಾಗ ಹೇಳಿದ್ರ ನಿಮ್ಮ ಪರೀಕ್ಷಾ ಹೋಗ್ತಿತ್ತು, ಅದಕ್ಕ ಬಾಯಿ ಮುಚ್ಕೊಂಡೆ." ಅವನು ಉಸಿರು ಎಳೆದುಕೊಂಡ. "ನೀವಂದ್ರ ನನಗ ಜೀವ, ಪರಿಮಳಾ. ಭಾಳ ದಿನದಿಂದ."

ಅವಳು ಓಣಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ನನಗೂ," ಎಂದಳು. "ಅದಕ್ಕೇ ಇಷ್ಟು ಸಿಟ್ಟು."

"ಈ ಸಿಟ್ಟು ಎಷ್ಟು ದಿನ ಇರ್ತದ?"

"ಇರ್ತದ... ಭಾಳ ದಿನ ಇರ್ತದ. ಎದುರಿಗೆ ನೀ ಇರಬೇಕು, ಅಷ್ಟೇ."

"ಇರ್ತೀನಿ," ಎಂದ ಶರಣಕುಮಾರ.